ಆಯಿ ಮುಟ್ಟದ ಹಣ್ಣು

ಆಗ ನನಗೆ ಹನ್ನೊಂದು ವರ್ಷ. ಅದಾಗಿ ಐವತ್ತೆಂಟು ವರ್ಷವಾಯಿತು. ಇಷ್ಟು ದಿನ ಯಾರಿಗೂ ಹೇಳಿಲ್ಲ. ಹೇಳಿದರೆ ಕೇಳುವವರಿಗೆ ಅದು ಟೊಮೆಟೊ ಹಣ್ಣಿನ ಕಥೆ ಎನಿಸುತ್ತದೆ, ನಗುತ್ತಾರೆ. ನಗಲಿ. ನನ್ನ ತಾಯಿ ಮನೆ ಬಿಟ್ಟು ಹೋದದ್ದು ಎರಡು ಟೊಮೆಟೊ ಹಣ್ಣಿನ ಹೆಸರಿನಲ್ಲಿ. ಆ ಹಣ್ಣು ಗಿಡದಿಂದ ಹರಿದವಳು ನಾನು.

ದಾಂಡೇಲಿಯಲ್ಲಿ ಒಂದೇ ಹೆಂಚಿನ ಕೆಳಗೆ ಎಂಟು ಮನೆ ಇದ್ದ ಚಾಳು. ಅದರಲ್ಲಿ ಕೊನೆಯದು ನಮ್ಮದು. ನಾವು ಧಾರವಾಡ ಕಡೆಯವರು, ಅಪ್ಪನಿಗೆ ಕಾಗದದ ಮಿಲ್ಲಿನಲ್ಲಿ ಪಾಳಿ ಕೆಲಸ ಸಿಕ್ಕಿತೆಂದು ಬಂದವರು. ಮೂರು ಖೋಲಿ, ಒಂದರ ಹಿಂದೆ ಒಂದು, ರೈಲಿನ ಡಬ್ಬಿಯ ಹಾಗೆ. ಮುಂದಿನದರಲ್ಲಿ ಅಪ್ಪನ ಸೈಕಲ್ಲು ಮತ್ತು ಹೊರಸು. ಒಳಗಿನದು ಅಡುಗೆಮನೆ, ಅದರ ಮೂಲೆಯಲ್ಲಿಯೇ ದೇವರ ಗೂಡು. ನಡುವಿನದರಲ್ಲಿ ಆಯಿ, ಅಂದರೆ ಅಪ್ಪನ ತಾಯಿ. ಆಕೆ ಮಲಗುತ್ತಿದ್ದದ್ದು ಅಡುಗೆಮನೆಯ ಹೊಸ್ತಿಲಿಗೆ ತಲೆ ಕೊಟ್ಟು. ಆಕೆಯನ್ನು ದಾಟದೆ ಒಂದು ಸೌಟು ಕೂಡ ಒಳಗೆ ಹೋಗುವ ಹಾಗಿರಲಿಲ್ಲ. ಆಯಿ ಕೆಟ್ಟವಳು ಎಂದು ಬರೆದರೆ ಸುಲಭವಾಗುತ್ತದೆ. ನನ್ನ ತಲೆಯ ಹೇನು ತೆಗೆದವಳು ಆಕೆ, ನನಗೆ ಜ್ವರ ಬಂದರೆ ಹಣೆಗೆ ವಿಭೂತಿ ಹಚ್ಚಿ ಪಕ್ಕದಲ್ಲಿ ಕೂತವಳೂ ಆಕೆ. ಆದರೆ ಅವ್ವನನ್ನು ಕಂಡರೆ ಆಕೆಗೆ ಆಗುತ್ತಿರಲಿಲ್ಲ. ನನ್ನ ನಂತರ ಎರಡು ಗಂಡು ಹುಟ್ಟಿ, ಎರಡೂ ತೊಟ್ಟಿಲಿಗೆ ಹಾಕುವ ಮೊದಲೇ ಹೋಗಿದ್ದವು. ಆಮೇಲೆ ಅವ್ವನಿಗೆ ಬಸಿರು ನಿಲ್ಲಲೇ ಇಲ್ಲ. ಅದನ್ನು ಆಯಿ ನೇರವಾಗಿ ಆಡುತ್ತಿರಲಿಲ್ಲ, ಟೊಮೆಟೊದ ಮೇಲೆ ಹಾಕಿ ಆಡುತ್ತಿದ್ದಳು.

ಆ ಕಾಲದಲ್ಲಿ ನಮ್ಮವರ ಹಳೆಯ ಮನೆಗಳಲ್ಲಿ ಟೊಮೆಟೊ ಒಳಗೆ ತರುತ್ತಿರಲಿಲ್ಲ. ಕೊಯ್ದರೆ ರಕ್ತದಂಥ ನೀರು, ಒಳಗೆ ಮಾಂಸದಂಥ ತಿರುಳು ಎನ್ನುವುದು ಅವರ ಮಾತು. ಇವತ್ತಿನ ಹುಡುಗರಿಗೆ ಹೇಳಿದರೆ ನಂಬುವುದಿಲ್ಲ.

"ಅದು ಹಣ್ಣಲ್ಲ, ಖಂಡ. ಲಿಂಗಾ ಕಟಿಗೊಂಡವರ ಒಲಿ ಮ್ಯಾಲೆ ಅದು ಏರಂಗಿಲ್ಲ," ಎನ್ನುತ್ತಿದ್ದಳು ಆಯಿ. "ಕೆಂಪಂದು ತಿಂದ ತಿಂದ ಹೊಟ್ಟಿ ಕಾಯ್ದೈತಿ. ಕಾಯ್ದ ಹಂಚಿನ ಮ್ಯಾಲೆ ಬೀಜಾ ಚೆಲ್ಲಿದರ ನಾಟತೈತೇನ?"

ಅವ್ವ ಮದುವೆಯಾಗಿ ಬರುವಾಗ ಸೆರಗಿನ ಗಂಟಿನಲ್ಲಿ ಆ ಬೀಜ ಕಟ್ಟಿಕೊಂಡು ಬಂದಿದ್ದಳು. ಅವಳ ತಾಯಿ ಹಾಕುತ್ತಿದ್ದ ತಳಿ. ಆ ತಾಯಿ ಸತ್ತ ಮೇಲೆ ತವರಿನಲ್ಲಿ ಅದನ್ನು ಹಾಕುವವರು ಉಳಿಯಲಿಲ್ಲ. ಹಾಗಾಗಿ ಆ ಗಿಡ ಇದ್ದದ್ದು ನಮ್ಮ ಹಿತ್ತಲಲ್ಲಿ ಮಾತ್ರ. ಹಣ್ಣು ಗುಂಡಗಿರಲಿಲ್ಲ. ಚಪ್ಪಟೆ, ಮೈಮೇಲೆ ಕುಂಬಳಕಾಯಿಯ ಹಾಗೆ ಆಳವಾದ ಗೆರೆ. ತೊಟ್ಟಿನ ಸುತ್ತ ಹಣ್ಣಾದರೂ ಹಸಿರು ಹೋಗುತ್ತಿರಲಿಲ್ಲ. ಸಿಪ್ಪೆ ಎಷ್ಟು ತೆಳುವೆಂದರೆ ಹರಿಯುವಾಗಲೇ ಬೆರಳಿನ ಗುರುತು ಬೀಳುತ್ತಿತ್ತು. ಸಂತೆಗೆ ಒಯ್ಯುವ ಮಾಲಲ್ಲ, ಬುಟ್ಟಿಯಲ್ಲೇ ಒಡೆದು ನೀರಾಗುವಂಥದ್ದು. ಹುಳಿ ಮಾತ್ರ ಗದ್ದ ನಡುಗುವ ಹುಳಿ. ಈಗಿನವು ಬಸ್ಸಿನ ಮೇಲಿಂದ ಬಿದ್ದರೂ ಒಡೆಯುವುದಿಲ್ಲ, ಬಾಯಿಗೆ ಹಾಕಿದರೆ ಏನೂ ಹೇಳುವುದೂ ಇಲ್ಲ. ಹಳೆಯ ತಳಿ ಎಂದು ಪಾಕೀಟಿನ ಮೇಲೆ ಬರೆದು ಮಾರುತ್ತಾರೆ, ಅದನ್ನೂ ತಂದು ಹಾಕಿದೆ. ಹಳಿಯಾಳದ ಸಂತೆ, ಮುಂಡಗೋಡದ ಸಂತೆ, ಜೋಯಿಡಾ ಕಡೆಯಿಂದ ತಲೆಹೊರೆಯಲ್ಲಿ ತರಕಾರಿ ತರುವ ಹೆಂಗಸರು, ಎಲ್ಲ ಕಡೆ ನೋಡಿದೆ. ಅದಲ್ಲ. ಅದು ಎಲ್ಲೂ ಇಲ್ಲ.

ಮನೆಯೊಳಗೆ ಅವ್ವನಿಗೆ ದನಿ ಇರಲಿಲ್ಲ. ಹಿತ್ತಲಿಗೆ ಬಂದರೆ ಬರುತ್ತಿತ್ತು. ಮಳೆ ನಿಂತ ಮೇಲೆ ಒಡೆದ ಗಡಿಗೆಯಲ್ಲಿ ಬೂದಿ ಬೆರೆಸಿದ ಮಣ್ಣು ತುಂಬಿ ಸಸಿ ಹಾಕುತ್ತಿದ್ದಳು. ದಾಂಡೇಲಿಯ ನೆಲ ನೀರು ಬಿಡುವುದಿಲ್ಲವೆಂದು ಮೊಣಕಾಲೆತ್ತರ ಒಡ್ಡು ಏರಿಸಿ, ಅದರ ಮೇಲೆ ನಾಟುತ್ತಿದ್ದಳು. ಬಿದಿರಿಗೆ ಆ ಊರಲ್ಲಿ ಬರವಿಲ್ಲ. ಗಿಡಕ್ಕೊಂದು ಗಳ ನೆಟ್ಟು ಹಳೆಯ ಸೀರೆಯ ಚೂರಿನಿಂದ ಸಡಿಲಾಗಿ ಕಟ್ಟುವಳು. "ಬುಡಕ್ಕ ನೀರ ಹಾಕು, ಎಲಿಗೆ ಹಾಕಬ್ಯಾಡ. ಎಲಿ ತೊಯ್ದರ ಗಿಡಕ್ಕ ಥಂಡಿ ಆಗತೈತಿ," ಎಂದು ನನಗೆ ಬೈಯುವಳು. ಬೈಗುಳವೆಂದರೆ ಅದೊಂದೇ. ಹಣ್ಣು ಬಂದಾಗ ಹಿತ್ತಲಲ್ಲೇ ಮೂರು ಕಲ್ಲಿಟ್ಟು, ಬೇರೆ ಬೋಗುಣಿಯಲ್ಲಿ, ಬೆಳ್ಳುಳ್ಳಿ ಶೇಂಗಾ ಪುಡಿ ಹಾಕಿ ಚಟ್ನಿ ಕುದಿಸುವಳು. ಬಚ್ಚಲ ಗೋಡೆಯ ಹಿಂದೆ ಕೂತು ಒಂದೇ ತಾಟಿನಲ್ಲಿ ಇಬ್ಬರೂ ರೊಟ್ಟಿ ಅದ್ದಿ ತಿನ್ನುತ್ತಿದ್ದೆವು. ಮೊದಲ ಪಾಳಿ ಮುಗಿಸಿ ಬಂದ ದಿನ ಅಪ್ಪನೂ ಬರುತ್ತಿದ್ದ. ನಿಂತೇ ತಿನ್ನುತ್ತಿದ್ದ. ತಿಂದು, ಬಾಯಿ ಎರಡು ಸಲ ತೊಳೆದು, ಮುಂಬಾಗಿಲಿಂದ ಸುತ್ತಿ ಒಳಗೆ ಹೋಗುತ್ತಿದ್ದ. ಅಪ್ಪ ಎಂಥವನು ಎಂದು ಯಾರಾದರೂ ಕೇಳಿದರೆ ಅಷ್ಟೇ ಹೇಳುತ್ತೇನೆ.

ಬೀಜ ಮಾಡುವುದು ಇನ್ನೊಂದು ಕೆಲಸ. ಎರಡನೇ ಗೊಂಚಲಿನಲ್ಲಿ ಎಲ್ಲಕ್ಕಿಂತ ಗೆರೆ ಚೆನ್ನಾಗಿ ಬಿದ್ದ ಹಣ್ಣಿಗೆ ಅರಿವೆಯ ಚೂರು ಕಟ್ಟಿಬಿಟ್ಟರೆ ಅದನ್ನು ಯಾರೂ ಮುಟ್ಟುವ ಹಾಗಿಲ್ಲ. ಗಿಡದಲ್ಲೇ ಮೆತ್ತಗಾಗಬೇಕು. ಆಮೇಲೆ ತಿರುಳನ್ನು ಕರಟದಲ್ಲಿ ಮೂರು ದಿನ ಹುಳಿಯಲು ಬಿಟ್ಟು, ತೊಳೆದು, ಬೂದಿಯಲ್ಲಿ ಹೊರಳಿಸಬೇಕು. ಅವ್ವನ ಊರಲ್ಲಿ ಅದನ್ನು ಸಗಣಿಯ ಜೊತೆ ಗೋಡೆಗೆ ತಟ್ಟುತ್ತಿದ್ದರಂತೆ, ಬಯಲು ಸೀಮೆಯ ಗೋಡೆ ವರ್ಷವಿಡೀ ಒಣಗಿರುತ್ತದೆ. ದಾಂಡೇಲಿಗೆ ಬಂದ ಮೊದಲ ವರ್ಷ ಅವ್ವ ಇಲ್ಲಿಯೂ ಹಾಗೇ ತಟ್ಟಿದಳು. ಮಳೆ ಹಿಡಿದು ಗೋಡೆ ತೊಯ್ದು, ಬೀಜ ಗೋಡೆಯಲ್ಲೇ ಮೊಳೆತವು. ಆಯಿ ಚಾಳಿನವರನ್ನೆಲ್ಲ ಕರೆದು ತೋರಿಸಿದಳಂತೆ.

"ಬರ್ರಿ ಬರ್ರಿ, ನಮ್ಮ ಸೊಸಿ ಗ್ವಾಡಿಗೆ ಗಡ್ಡಾ ಬರಿಸ್ಯಾಳ ನೋಡ್ರಿ."

ಒಂದು ಹಿಡಿ ಬೀಜ ಗಂಟಿನಲ್ಲಿ ಉಳಿದಿತ್ತು, ಅದರಿಂದ ತಳಿ ಉಳಿಯಿತು. ಅಂದಿನಿಂದ ಅವ್ವ ಅಪ್ಪ ತರುತ್ತಿದ್ದ ಮಿಲ್ಲಿನ ದಪ್ಪ ರದ್ದಿ ಕಾಗದದ ಮೇಲೆ ಬೀಜ ಹರಡಿ ಒಣಗಿಸುವಳು, ಸುರುಳಿ ಸುತ್ತಿ ಬಚ್ಚಲ ಒಲೆಯ ಮೇಲಿನ ಜಂತಿಗೆ ಸಿಗಿಸುವಳು. ಅಡುಗೆಮನೆಗೆ ಅದು ಹೋಗುವ ಹಾಗಿರಲಿಲ್ಲವಲ್ಲ.

ಆ ವರ್ಷ ಸಂಕ್ರಾಂತಿಗೆ ಮೊದಲು, ಒಂದು ಸೋಮವಾರ, ಆಯಿ ಜಂಗಮ ಅಯ್ಯನವರನ್ನು ಪಾದಪೂಜೆಗೆ ಕರೆಸಿದಳು. ಮೊಮ್ಮಗ ಬೇಕೆಂಬ ಬೇಡಿಕೆ. ಗೋಧಿ ಹುಗ್ಗಿ, ಬದನೆಕಾಯಿ ಪಲ್ಯ, ಅನ್ನ, ಸಾರು. ಆಯಿ ಮುಂದಿನ ಖೋಲಿಯಲ್ಲಿ ಅಯ್ಯನವರ ಎದುರು ಕೈಜೋಡಿಸಿ ಕೂತಿದ್ದಳು. ಅಪ್ಪ ಪಾಳಿಗೆ ಹೋಗಿದ್ದ. ಅವ್ವ ಕೊಡ ಎತ್ತಿಕೊಂಡಳು, ನಳ ಚಾಳಿನ ಇನ್ನೊಂದು ತುದಿಗೆ ಇತ್ತು.

"ಕಲ್ಲವ್ವಾ, ಸಾರು ಕುದೀಲಿ. ಹುಳಿ ನೋಡಿ ಹುಣಸಿಹಣ್ಣ ಹಿಂಡು. ನಾ ಬಂದೆ," ಎಂದು ಹೋದಳು.

ನಾನು ರುಚಿ ನೋಡಿದೆ. ಸಪ್ಪಗಿತ್ತು. ಹುಣಸೆಹಣ್ಣಿನ ಗಡಿಗೆ ತೆಗೆದರೆ ಮೇಲೆಲ್ಲ ಬೂಸುರು ಹಿಡಿದು ಬೆಳ್ಳಗಾಗಿತ್ತು. ಸಾರು ಕೆಟ್ಟರೆ ಬೈಗುಳ ಅವ್ವನಿಗೆ. ನನ್ನ ತಲೆಯಲ್ಲಿ ಇದ್ದದ್ದು ಅಷ್ಟೇ. ಹಿಂಬಾಗಿಲಿಂದ ಓಡಿ ಎರಡು ಹಣ್ಣು ಹರಿದು, ಲಂಗದ ಮಡಿಕೆಯಲ್ಲಿ ಮುಚ್ಚಿಕೊಂಡು ಬಂದು, ಪಾತ್ರೆಯ ಮೇಲೆ ಹಿಂಡಿ ಸಿಪ್ಪೆ ಒಲೆಗೆ ಹಾಕಿದೆ. ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಂಡೆ. ಲಿಂಗದ ನೆನಪೂ ಬರಲಿಲ್ಲ, ಖಂಡದ ನೆನಪೂ ಬರಲಿಲ್ಲ. ಬೇಲಿಯಾಚೆ ಪಾತ್ರೆ ತಿಕ್ಕುತ್ತಿದ್ದ ಶೇವಂತಾಬಾಯಿ ನನ್ನನ್ನು ನೋಡಿದಳು. ಆಕೆ ಜೋಯಿಡಾ ಕಡೆಯವಳು, ನಮ್ಮ ಪಕ್ಕದ ಮನೆ. ಮತ್ತೆ ತಿಕ್ಕತೊಡಗಿದಳು.

ಅವ್ವ ನೀರು ತಂದಳು, ಪಾದಪೂಜೆ ಆಯಿತು. ಅಯ್ಯನವರು ಉಣ್ಣಲು ಕೂತರು. ಆಯಿಯೇ ಬಡಿಸಿದಳು. ಅವ್ವ ಮತ್ತೊಂದು ಕೊಡಕ್ಕೆ ಹೋದಳು. ಅಯ್ಯನವರು ಸಾರು ಕಲಸಿ ಎರಡು ತುತ್ತು ಉಂಡು, "ಸಾರು ಭಾಳ ಚಲೋ ಆಗೇತಿ ತಾಯಿ, ಇನ್ನಷ್ಟ ಹಾಕ್ರಿ," ಎಂದರು. ಆಯಿ ತಳದಿಂದ ಸೌಟು ಎತ್ತಿ ಹಾಕಿದಳು. ಬೆಳ್ಳನೆಯ ಅನ್ನದ ಮೇಲೆ ಕೆಂಪು ತಿರುಳಿನ ಒಂದು ತುಂಡು ಬಿತ್ತು, ಬೀಜ ಸಮೇತ. ಅಯ್ಯನವರು ಅದನ್ನು ನೋಡಿದರು, ಬೆರಳಿನಿಂದ ಎಲೆಯ ಅಂಚಿಗೆ ಸರಿಸಿದರು. ಊಟ ಮುಂದುವರಿಸುತ್ತಿದ್ದರೇನೋ. ಆಯಿ ಸೌಟು ಕೆಳಗೆ ಹಾಕಿ ಹಣೆ ಹಣೆ ಬಡಿದುಕೊಂಡಳು.

"ಅಯ್ಯಯ್ಯೋ, ಮನೀ ಹಾಳಾತಪಾ! ಅಯ್ಯಗ ಖಂಡಾ ನೀಡಿದೆನ್ಯೋ!"

"ಇರ್ಲಿ ಬಿಡ್ರಿ ತಾಯಿ, ಆಗಿದ್ದಾತು," ಎಂದರು ಅವರು. ಆಯಿ ಬಿಡಲಿಲ್ಲ. ಚಾಳಿನ ಬಾಗಿಲುಗಳಲ್ಲಿ ಮುಖಗಳು ಬಂದವು. ಅವರು ಹುಗ್ಗಿಯನ್ನು ಮುಟ್ಟದೆ ಎದ್ದು, ಕೈ ತೊಳೆದು, ತಲೆ ತಗ್ಗಿಸಿ ಹೋದರು. ಎದ್ದದ್ದು ಟೊಮೆಟೊಕ್ಕಲ್ಲ, ಆಯಿಯ ಕಿರುಚಾಟಕ್ಕೆ. ಈಗ ಹಾಗೆನಿಸುತ್ತದೆ. ಆಗ ಒಲೆಯ ಪಕ್ಕ ನಿಂತಿದ್ದೆ.

ಅವ್ವ ಕೊಡದೊಂದಿಗೆ ಒಳಗೆ ಬಂದಳು. "ಯಾರ ಹಾಕಿದ್ದು?" ಎಂದಳು ಆಯಿ. ಅವ್ವ ಕೊಡ ಇಳಿಸಿ ನನ್ನ ಕಡೆ ನೋಡಿದಳು. ನನ್ನ ಬಲಗೈ ಹಿಡಿದು ಮೂಗಿನ ಹತ್ತಿರ ಒಯ್ದಳು. ಟೊಮೆಟೊ ಗಿಡ ಮುಟ್ಟಿದವರ ಬೆರಳಿನ ವಾಸನೆ ಅರ್ಧ ದಿನ ಹೋಗುವುದಿಲ್ಲ, ಬೂದಿ ಹಾಕಿ ತಿಕ್ಕಿದರೂ ಹೋಗುವುದಿಲ್ಲ. ಕೈ ಬಿಟ್ಟಳು.

"ನಾನ ಹಾಕೇನ್ರಿ ಅತ್ತಿ," ಎಂದಳು.

ನಾನು ಬಾಯಿ ತೆರೆಯಲಿಲ್ಲ. ಒಂದು ಮಾತು ಸಾಕಿತ್ತು. ಆ ಒಂದು ಮಾತು ಆ ಹೊತ್ತಿನಲ್ಲಿ ಬರಲಿಲ್ಲ. ಆಮೇಲೆ ಜೀವನದಲ್ಲಿ ಬಾಯಿಗೆ ಬಂದದ್ದನ್ನೆಲ್ಲ ಆಡಿದ್ದೇನೆ. ಸೊಸೆಯರಿಗೆ, ಗಂಡನಿಗೆ, ಪಂಚಾಯಿತಿಯವರಿಗೆ. ಬಿರುಸು ಬಾಯಿಯವಳು ಎಂದು ಹೆಸರಾಗಿದೆ. ಅದರಿಂದ ಏನೂ ತುಂಬಿಬರಲಿಲ್ಲ.

ಮೂರನೆಯ ದಿನ ಅವ್ವನನ್ನು ತವರಿಗೆ ಕಳಿಸುವುದೆಂದಾಯಿತು. ಅಪ್ಪ ಹೊರಸಿನ ಮೇಲೆ ಕೂತು ಕಾಲ ಬೆರಳು ನೋಡುತ್ತ ಮಾತಾಡಿದ.

"ನಾಕ ದಿನಾ ಇದ್ದ ಬಾ. ನಮ್ಮವ್ವನ ಸಿಟ್ಟ ಇಳೀಲಿ."

"ಹುಡುಗಿ?"

"ಹುಡುಗೀದು ಸಾಲಿ ಐತಲ್ಲ."

ಅವ್ವ ಅಳಲಿಲ್ಲ. ಗಂಟು ಕಟ್ಟಿ, ನನ್ನನ್ನು ಹಿತ್ತಲಿಗೆ ಕರೆದೊಯ್ದು ಮೂರು ಹಣ್ಣಿಗೆ ಅರಿವೆ ಕಟ್ಟಿದಳು. ಆ ಮೂರೂ ಆಗಿನ್ನೂ ಹಸಿರು.

"ಇವನ್ನ ಹರೀಬ್ಯಾಡ. ಗಿಡದಾಗ ಮೆತ್ತಗ ಆಗ್ಲಿ. ನೀರ ಹಾಕೂದು ಬಿಡಬ್ಯಾಡ," ಎಂದಳು. ಸಾರಿನ ವಿಷಯ ಎತ್ತಲಿಲ್ಲ. ಎತ್ತಿ ಎರಡು ಬಡಿದಿದ್ದರೆ ನಾನು ಅತ್ತು ಎಲ್ಲರೆದುರು ಹೇಳಿಬಿಡುತ್ತಿದ್ದೆನೇನೋ. ಅಪ್ಪ ಅವಳನ್ನು ಬಸ್ಸಿಗೆ ಹತ್ತಿಸಿ ಬಂದ. ಅವ್ವನನ್ನು ನಾನು ಮತ್ತೆ ನೋಡಿದ್ದು ಒಂದೇ ಸಲ, ಅವಳನ್ನು ಮಣ್ಣಿಗೆ ಇಡುವ ದಿನ.

ನಾಲ್ಕು ದಿನ ಹೋಗಿ ನಾಲ್ಕು ವಾರವಾಯಿತು, ಆರು ವಾರವಾಯಿತು. ಅಡುಗೆ ನನ್ನ ಪಾಲಿಗೆ ಬಂತು, ಶಾಲೆ ದಿನ ಬಿಟ್ಟು ದಿನವಾಯಿತು. ಬೆಳಿಗ್ಗೆ ಮಿಲ್ಲಿನ ಭೋಂಗಾ ಕೂಗುವ ಮೊದಲು ಹನ್ನೊಂದು ಗಿಡಕ್ಕೂ ನೀರು ಹಾಕುತ್ತಿದ್ದೆ, ಬುಡಕ್ಕೆ ಮಾತ್ರ. ಗಿಡ ಕಿತ್ತು ಹಾಕು ಎಂದು ಆಯಿ ನನಗೆ ಹತ್ತು ಸಲ ಹೇಳಿದಳು. ನಾನು ಕೇಳಲಿಲ್ಲ. ತಾನು ಕೀಳಲು ಆಕೆಗೂ ಆಗಲಿಲ್ಲ, ಮುಟ್ಟಿದರೆ ಮೈಲಿಗೆ. ಹೀಗೆ ಆಕೆಯ ಹೇಸಿಗೆಯೇ ಗಿಡಗಳನ್ನು ಕಾಯಿತು. ಹಣ್ಣು ಗೊಂಚಲು ಗೊಂಚಲು ಬಂದವು. ನಾನು ಒಂದನ್ನೂ ತಿನ್ನಲಿಲ್ಲ. ಅರಿವೆ ಕಟ್ಟಿದ ಮೂರು ಕೆಂಪಾಗುತ್ತ ಬಂದವು. ಅವು ಮೆತ್ತಗಾದರೆ ಬೀಜ ತೆಗೆಯಲು ಅವ್ವ ಬರಲೇಬೇಕು, ಕರಟದಲ್ಲಿ ಎಷ್ಟು ಹುಳಿಸಬೇಕೆಂಬುದು ಅವಳಿಗಲ್ಲದೆ ಯಾರಿಗೆ ಗೊತ್ತು ಎಂದು ನನ್ನ ಲೆಕ್ಕ. ಮಕ್ಕಳ ಲೆಕ್ಕ ಹಾಗೆಯೇ ಇರುತ್ತದೆ.

"ನಿಮ್ಮವ್ವ ಯಾವಾಗ ಬರತಾಳ ಗ ಪೋರಿ?" ಎಂದಳು ಶೇವಂತಾಬಾಯಿ ಬೇಲಿಯಾಚೆಯಿಂದ.

"ಬರತಾಳ."

"ಬರತಾಳ, ಬರತಾಳ. ನೀ ಇಲ್ಲಿ ನೀರ ಹಾಕ್ಕೋತ ಕೂತರ ಆಕಿ ಅಲ್ಲಿ ಮೊಳೀತಾಳ ಏನ? ಅವತ್ತ ಹಣ್ಣ ಹರಿದಾಕಿ ಯಾರು ಅಂತ ನನ್ನ ಕಣ್ಣಿಗೆ ಗೊತ್ತೈತಿ. ನಾ ಹೇಳಿದರ ನಿಮ್ಮ ಆಯಿ ನನ್ನ ಜಡಿ ಹಿಡೀತಾಳ. ನೀನ ಹೇಳಿಬಿಡು ನಿಮ್ಮ ಬಾಬಾಗ."

ಆ ವಾರದ ಭಾನುವಾರ ಅಪ್ಪ ಮತ್ತು ಆಯಿ ಒಳ್ಳೆಯ ಬಟ್ಟೆ ಉಟ್ಟು ಹಳಿಯಾಳಕ್ಕೆ ಹೋದರು. ಪರಿಚಯದವರ ಮನೆ ಎಂದರು. ನಾನು ಇಡೀ ದಿನ ಮಾತನ್ನು ಬಾಯಲ್ಲಿ ಹೊರಳಿಸುತ್ತ ಕೂತೆ. ಹೇಳಿದರೆ ಆಯಿ ಹೊಡೆಯುತ್ತಾಳೆ, ಹೊಡೆಯಲಿ. ಅಪ್ಪ ಮರುದಿನವೇ ಬಸ್ಸು ಹತ್ತಿ ಅವ್ವನನ್ನು ಕರೆತರುತ್ತಾನೆ. ಸಂಜೆ ಅವರು ಬಂದರು. ಅಪ್ಪ ಹಿತ್ತಲ ಕಲ್ಲಿನ ಮೇಲೆ ಕಾಲು ತೊಳೆಯಲು ಕೂತಾಗ ಹೋಗಿ ಎದುರಿಗೆ ನಿಂತೆ.

"ಅಪ್ಪಾ, ಸಾರಿನ್ಯಾಗ ಟಮಾಟಿ ಹಾಕಿದಾಕಿ ನಾನು. ಅವ್ವ ಅಲ್ಲ."

ಅಪ್ಪ ತಂಬಿಗೆಯಿಂದ ಇನ್ನೊಂದು ಕಾಲಿಗೆ ನೀರು ಸುರಿದುಕೊಂಡ.

"ಗೊತ್ತೈತಿ."

"ಯಾರ ಹೇಳಿದ್ರು?"

"ನಿಮ್ಮವ್ವನ ಹೇಳಿದಳು, ಬಸ್ ಹತ್ತೂ ಮುಂದ. ಹುಡುಗಿಗೆ ಹೊಡೀಬ್ಯಾಡ್ರಿ, ಸಣ್ಣಾಕಿ ಅದಾಳ ಅಂದಳು."

"ಆಯಿಗೆ?"

"ಆಕಿಗೂ ಅವತ್ತ ರಾತ್ರೀನ ಹೇಳೇನಿ."

"ಹಂಗಾರ ಅವ್ವನ್ನ ಕರಕೊಂಡ ಬಾ. ತಪ್ಪ ನಂದಲ್ಲೇನ?"

"ಟಮಾಟೀದು ಮಾತಲ್ಲಬೇ ಇದು," ಎಂದ ಅಪ್ಪ. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ನಿಮ್ಮವ್ವ ಇನ್ನ ಬರಂಗಿಲ್ಲ. ಹ್ವಾದ ವಾರ ಹಿರ್‍ಯಾರು ಕೂತು ಸೋಡಚೀಟಿ ಬರದಾರ. ಆಕಿನೂ ಹೆಬ್ಬಟ್ಟ ಒತ್ಯಾಳ."

ಸೋಡಚೀಟಿ ಎಂದರೆ ಗಂಡ ಹೆಂಡಿರ ಸಂಬಂಧ ಹರಿದುಕೊಡುವ ಕಾಗದ. ಅಷ್ಟು ನನಗೆ ಗೊತ್ತಿತ್ತು, ಚಾಳಿನಲ್ಲಿ ಇನ್ನೊಂದು ಮನೆಗೂ ಅದು ಬಂದಿತ್ತು. ನಾನು ಅಲ್ಲೇ ನಿಂತಿದ್ದೆ. ನನ್ನ ಮುಖ ನೋಡಿ ಅಪ್ಪನಿಗೆ ಏನನ್ನಿಸಿತೋ, ಸಮಾಧಾನ ಮಾಡಲು ಹೊರಟ.

"ಹಳಿಯಾಳದ ಹುಡುಗಿ ನೋಡಿ ಬಂದ್ವಿ. ಅಂಗಡಿಕಾರರ ಮನಿ. ಚಲೋ ಅದಾಳ, ನಿನ್ನ ಚಲೋ ನೋಡಿಕೊಳ್ತಾಳ. ಆಕಿಗೂ ಟಮಾಟಿ ಅಂದ್ರ ಭಾಳ ಸೇರತಾವಂತ. ಇವತ್ತ ಅವರ ಮನ್ಯಾಗ ಟಮಾಟಿ ಪಲ್ಲೇನ ಮಾಡಿದ್ರು."

"ಆಯಿ?"

ಅಪ್ಪ ಸ್ವಲ್ಪ ನಕ್ಕ. "ಎರಡ ಸರ್ತೆ ಹಾಕಿಸಿಕೊಂಡ ಉಂಡಳು. ಬೀಗರ ಮುಂದ ಏನ ಮಾಡೂದು? ಈಗ ಎಲ್ಲಾರೂ ತಿಂತಾರ ಅಂತ ಆಕೀನ ಅಂದಳು." ಪಂಚೆಯ ತುದಿಯಿಂದ ಕಾಲು ಒರೆಸಿಕೊಂಡ. "ಈ ಗಿಡಾ ಇರಲಿ. ಆಕಿ ಬಂದ ಮ್ಯಾಲೆ ನೋಡಿಕೊಳ್ತಾಳ."

ಒಂದೂವರೆ ತಿಂಗಳು ಎದೆಯ ಮೇಲೆ ಹೊತ್ತ ತಪ್ಪು ಯಾರಿಗೂ ಬೇಕಾಗಿರಲಿಲ್ಲ. ಅದನ್ನು ಅವತ್ತೇ ಹೇಳಿದ್ದರೂ ಅಷ್ಟೇ, ಹೇಳದಿದ್ದರೂ ಅಷ್ಟೇ. ಟೊಮೆಟೊ ಇಲ್ಲದಿದ್ದರೆ ಉಪ್ಪಿನ ಹೆಸರು ಹೇಳುತ್ತಿದ್ದರು. ದೊಡ್ಡವಳಾದ ಮೇಲೆ ಇದು ತಿಳಿದಿದ್ದರೆ ತಾಳಿಕೊಳ್ಳಬಹುದಿತ್ತು, ಹನ್ನೊಂದರಲ್ಲಿ ತಿಳಿಯಿತು. ಆಮೇಲೆ ಯಾರು ಯಾವ ಕಾರಣ ಹೇಳಿದರೂ ನಾನು ನಂಬಿಲ್ಲ, ಒಳ್ಳೆಯ ಕಾರಣವನ್ನೂ ನಂಬಿಲ್ಲ. ಅದರಿಂದ ಬಾಳು ಹಗುರಾಗಲಿಲ್ಲ.

ಮರುದಿನ ಬೆಳಿಗ್ಗೆ ಭೋಂಗಾ ಕೂಗಿ ಅಪ್ಪ ಪಾಳಿಗೆ ಹೋದ ಮೇಲೆ ಹಿತ್ತಲಿಗೆ ಹೋದೆ. ಹನ್ನೊಂದು ಗಿಡವನ್ನೂ ಬುಡ ಹಿಡಿದು ಕಿತ್ತೆ. ಒಡ್ಡಿನ ಮಣ್ಣು ಸಡಿಲವಿತ್ತು, ಬೇರು ಸಮೇತ ಸುಲಭವಾಗಿ ಬಂದವು. ಹಣ್ಣು ನೆಲಕ್ಕೆ ಬಿದ್ದರೆ ಮಳೆಗೆ ತಾನೇ ಹುಟ್ಟುತ್ತದೆ ಎಂದು ನನಗೆ ಗೊತ್ತಿತ್ತು, ಅದಕ್ಕೆ ಒಂದನ್ನೂ ಬಿಡದೆ ಆರಿಸಿ ಬುಟ್ಟಿಗೆ ಹಾಕಿದೆ, ಹಸಿರು ಕಾಯಿಯನ್ನೂ, ಅರಿವೆ ಕಟ್ಟಿದ ಮೂರನ್ನೂ. ಬಚ್ಚಲ ಒಲೆಗೆ ಒಣ ಬಿದಿರು ತುಂಬಿ ಉರಿ ಮಾಡಿ ಬುಟ್ಟಿ ಬರಿದು ಮಾಡಿದೆ. ಚಟಪಟ ಒಡೆದವು, ಹೊಗೆ ಕಣ್ಣಿಗೆ ಹೊಡೆಯಿತು. ಜಂತಿಯಲ್ಲಿದ್ದ ಬೀಜದ ಕಾಗದದ ಸುರುಳಿ ಎಳೆದು ಅದನ್ನೂ ಒಳಗೆ ತಳ್ಳಿದೆ. ಬಿದಿರು ಎರಡು ಸಲ ಹಾಕಬೇಕಾಯಿತು.

ಆಯಿ ಜಳಕಕ್ಕೆ ಎದ್ದು ಬಂದವಳು ಬೋಳು ಒಡ್ಡು ನೋಡಿ ನಿಂತಳು.

"ಅಯ್ಯ ನಿನ್ನ, ಎಲ್ಲಾ ಕಿತ್ತಿದಿ? ಹಣ್ಣ ಬಂದಿದ್ದವಲ್ಲಬೇ, ಒಂದ ಪಲ್ಲೇಕ್ಕ ಆಗತಿದ್ದವು."

"ನೀರ ಕಾದಾವು," ಎಂದೆ.

ಆಯಿ ಆ ನೀರಿನಲ್ಲಿ ಜಳಕ ಮಾಡಿ ಪೂಜೆಗೆ ಕೂತಳು. ನಾನು ಹಿಟ್ಟು ನಾದಿ ರೊಟ್ಟಿ ಬಡಿದೆ.